ಸಣ್ಣ ಚುಕ್ಕೆಗಳ ಸಾಕ್ಷಿ

ಎಂಟು ಹಾಸಿಗೆಯ ವಾರ್ಡು ಮುಚ್ಚಿದರೆ ದಿನಕ್ಕೆ ಹದಿನಾರು ಸಾವಿರ ಡಾಲರ್. ನೆಲ, ಗೋಡೆ, ಮಂಚದ ಸಂದುಗೊಂದು ತೊಳೆಸಲು ಒಂಬತ್ತು ಸಾವಿರ. ಹನ್ನೊಂದು ದಿನ ರೋಗಿಯ ರಕ್ತಕ್ಕೆ ಸುರಿದು ವ್ಯರ್ಥವಾದ ಔಷಧಿಗೆ ಎರಡು ಸಾವಿರ. ಈಗ ಹಾಕುತ್ತಿರುವ ಹೊಸ ಔಷಧಿಗೆ ದಿನಕ್ಕೆ ಏಳುನೂರು.

ಡಾಕ್ಟರ್ ಗ್ಯಾಸ್ಟನ್ ಲಾಲೋಂಡ್ ಬಿಳಿ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಅಡಿಗೆರೆ ಎಳೆದರು.

“ಒಬ್ಬ ನರ್ಸ್‌ಗೆ ಎಷ್ಟು ಅಂತ ಬರೀಲಿಲ್ವಲ್ಲ ಡಾಕ್ಟ್ರೇ?” ಅಂದೆ.

ಪೆನ್ನಿಗೆ ಮುಚ್ಚಳ ಹಾಕುತ್ತಿದ್ದ ಅವರ ಕೈ ನಿಂತಿತು. “ಹೆಲ್ವಿ, ನಿಮ್ಮನ್ನ ಕರೆದದ್ದು ಸಾಕ್ಷಿ ಹೇಳೋಕೆ. ನನ್ನ ಲೆಕ್ಕ ತಿದ್ದೋಕಲ್ಲ.”

“ಸಾಕ್ಷಿ ತಂದಿದ್ದೀನಿ. ನೀವು ಮೊದಲು ಕೂತ್ಕೊಳ್ಳಿ.”

ಮೇಜಿನ ಆ ತುದಿಯಲ್ಲಿ ಮಾರಿಸೆಲ್ ಡುಮ್ಲಾವ್ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಇಸ್ತ್ರಿ ಮಾಡಿದ ಸಮವಸ್ತ್ರ, ಎಳೆದು ಕಟ್ಟಿದ ಕೂದಲು. ಮನಿಲಾದಲ್ಲಿ ಹದಿನೈದು ವರ್ಷ ನರ್ಸ್ ಆಗಿದ್ದು, ಎಂಟು ತಿಂಗಳ ಹಿಂದೆ ಕೆನಡಾದ ನಮ್ಮ ಸಡ್ಬರಿಗೆ ಬಂದವಳು. ಅವಳ ಮುಂದೆ ಒಂದು ಹಾಳೆ. ಇವತ್ತಿನಿಂದ ಕೆಲಸದಿಂದ ಅಮಾನತು, ನರ್ಸ್‌ಗಳಿಗೆ ಲೈಸೆನ್ಸ್ ಕೊಡುವ ಮಂಡಳಿಗೆ ದೂರು. ಲಾಲೋಂಡ್ ಅವರ ಸಹಿ ಒಂದು ಬಾಕಿ. ಅದು ಮೂರು ಗಂಟೆಗೆ. ಗೋಡೆಯ ಗಡಿಯಾರ ಎರಡು ಹತ್ತು ತೋರಿಸುತ್ತಿತ್ತು.

ನಾಲ್ಕನೇ ಹಾಸಿಗೆಯ ಅತ್ತಿಲಿಯೊ ಜಾನೆಟ್ಟಿಯ ರಕ್ತದಲ್ಲಿ ಮೊದಲ ದಿನ ಸಿಕ್ಕ ಯೀಸ್ಟ್, ಎಂದರೆ ರೋಗ ತರುವ ಒಂದು ಬಗೆಯ ಶಿಲೀಂಧ್ರ, ಔಷಧಿಗೆ ಸಾಯುವಂಥದ್ದು. ಹನ್ನೊಂದನೇ ದಿನ ಸಿಕ್ಕದ್ದು ಅದೇ ಔಷಧಿಗೆ ಜಗ್ಗದೆ ಬೆಳೆಯುವಂಥದ್ದು. ನಡುವೆ ಆತನ ಕುತ್ತಿಗೆಯ ನಳಿಗೆ ಮುಟ್ಟಿ ಔಷಧಿ ಏರಿಸಿದವಳು ಮಾರಿಸೆಲ್, ಅವಳ ಅಂಗೈ ಒರೆಸಿ ನೋಡಿದಾಗ ಅಲ್ಲೂ ಅದೇ ಜಾತಿಯ ಯೀಸ್ಟ್ ಬೆಳೆದಿತ್ತು.

ಇಷ್ಟು ಸಾಕಾಗಿತ್ತು ಲಾಲೋಂಡ್ ಅವರಿಗೆ. ಆಸ್ಪತ್ರೆಯೊಳಗೆ ಸೋಂಕು ಹರಡದಂತೆ ಕಾಯುವುದು ಅವರ ಕೆಲಸ. ಕೆಟ್ಟವರಲ್ಲ. ಆದರೆ ಅವಸರದವರು.

ಇನ್ನು ನಾನು. ಸೇಂಟ್ ಬಾರ್ಬರಾ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅಡುಗೆಯವಳು. ಹತ್ತೊಂಬತ್ತನೇ ವಯಸ್ಸಿಗೆ ಗಾಜು ತೊಳೆಯಲು ಸೇರಿದೆ, ಈಗ ಅರವತ್ತೊಂದು. ರೋಗಾಣುಗಳಿಗೆ ಉಣಿಸುವ ಅಗರ್ ಬೇಯಿಸಿ ತಟ್ಟೆಗೆ ಹುಯ್ಯುವವಳು ನಾನೇ. ಡಿಗ್ರಿ ಇಲ್ಲ. ಆದರೆ ಡಿಗ್ರಿ ಇರುವವರು ಬಂದು, “ಹೆಲ್ವಿ, ಇದು ಏನಿರಬಹುದು?” ಅಂತ ತಟ್ಟೆ ಹಿಡಿದು ನಿಲ್ಲುವುದು ನನ್ನ ಅಡುಗೆಮನೆಯ ಬಾಗಿಲಲ್ಲೇ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅವತ್ತು ನನ್ನ ಮಡಿಲಲ್ಲಿ ಒಂದು ಕಾಗದ ಇತ್ತು. ಕಾಲ ಬುಡದಲ್ಲಿ, ಟವೆಲಿನಡಿ, ಒಂದು ಟ್ರೇ. ಕಾಗದವೊಂದರಲ್ಲೇ ಕೆಲಸ ಮುಗಿದರೆ ಟ್ರೇ ಮೇಲೆ ಬರಬೇಕಾಗಿರಲಿಲ್ಲ. ಹಾಗೇ ಆಗಲಿ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ.

“ಟೊರಾಂಟೋದ ದೊಡ್ಡ ಪ್ರಯೋಗಾಲಯದಿಂದ ಹನ್ನೊಂದು ಗಂಟೆಗೆ ಬಂತು,” ಎಂದು ಕಾಗದ ಮುಂದೆ ತಳ್ಳಿದೆ. “ಮೂರು ಯೀಸ್ಟ್ ಕಳಿಸಿದ್ವಿ. ಜಾನೆಟ್ಟಿಯ ಮೊದಲ ದಿನದ್ದು, ಹನ್ನೊಂದನೇ ದಿನದ್ದು, ಮಾರಿಸೆಲ್ ಅಂಗೈದು. ಮೂರರ ವಂಶವಾಹಿನೂ ಅಕ್ಷರ ಅಕ್ಷರ ಓದಿದ್ದಾರೆ. ಒಂದೊಂದರಲ್ಲೂ ಒಂದು ಕೋಟಿ ಇಪ್ಪತ್ತು ಲಕ್ಷದ ಮೇಲೆ ಅಕ್ಷರ.”

“ನನಗೆ ಓದೋಕೆ ಬರುತ್ತೆ ಹೆಲ್ವಿ.”

“ಹಾಗಾದ್ರೆ ಜೋರಾಗಿ ಓದಿ. ಅವಳಿಗೂ ಕೇಳಲಿ.”

ಲಾಲೋಂಡ್ ಕನ್ನಡಕ ಏರಿಸಿದರು. ಅವರ ತುಟಿ ಮೊದಲು ಅಲ್ಲಾಡಿತು, ದನಿ ಆಮೇಲೆ ಬಂತು. “ಜಾನೆಟ್ಟಿಯ ಎರಡು ಯೀಸ್ಟ್ ನಡುವೆ ನಾಲ್ಕು ಅಕ್ಷರ ವ್ಯತ್ಯಾಸ. ಅಂಗೈ ಯೀಸ್ಟ್‌ಗೂ ಅವಕ್ಕೂ... ಅರವತ್ತನಾಲ್ಕು ಸಾವಿರ.”

“ನಾಲ್ಕು ಅಂದ್ರೆ ತಾಯಿ ಮಗಳು. ಅರವತ್ತನಾಲ್ಕು ಸಾವಿರ ಅಂದ್ರೆ ಬೇರೆ ಊರು, ಬೇರೆ ಮನೆ,” ಅಂದೆ. “ಈ ಜಾತಿ ಯೀಸ್ಟ್ ನಿಮ್ಮ ಕರುಳಲ್ಲೂ ಇರುತ್ತೆ, ನನ್ನ ಕರುಳಲ್ಲೂ ಇರುತ್ತೆ. ನಿಮ್ಮ ಅಂಗೈ ಒರೆಸೋಣ್ವಾ?”

ಮಾರಿಸೆಲ್ ಮೊದಲ ಸಲ ಬಾಯಿ ಬಿಟ್ಟಳು. “ನನ್ನ ಕೈಯಿಂದ ಬಂದದ್ದಲ್ಲ.”

“ನಿನ್ನ ಕೈಯಿಂದ ಬಂದದ್ದಲ್ಲ ಮಗಳೇ.”

ಅವಳು ಅಳಲಿಲ್ಲ. ಗದ್ದ ಒಂದು ಬೆರಳಿನಷ್ಟು ಮೇಲೆದ್ದಿತು, ಅಷ್ಟೇ. ನನಗೆ ಆ ಹುಡುಗಿ ಇನ್ನಷ್ಟು ಇಷ್ಟವಾದಳು.

ಇಲ್ಲಿಗೆ ಮುಗಿಯಬೇಕಿತ್ತು. ಲಾಲೋಂಡ್ ಕಾಗದವನ್ನು ಇನ್ನೊಮ್ಮೆ ಓದಿದರು. ಬೆರಳಿಟ್ಟುಕೊಂಡು ಓದಿದರು. ಮುಖದ ಮೇಲೆ ಹೊಸ ಯೋಚನೆ ಹತ್ತಿಕೊಳ್ಳುವುದು ನನಗೆ ಕಾಣಿಸಿತು. ಬುದ್ಧಿವಂತರ ತೊಂದರೆಯೇ ಇದು, ಒಂದು ಬಾಗಿಲು ಮುಚ್ಚಿದರೆ ಇನ್ನೊಂದರ ಚಿಲಕ ಹುಡುಕುತ್ತಾರೆ.

“ಸರಿ. ಹೊರಗಿನಿಂದ ಬಂದದ್ದಲ್ಲ,” ಅಂದರು. “ಹಾಗಾದ್ರೆ ರೋಗಿಯ ಮೈಯೊಳಗೇ ಹುಟ್ಟಿದೆ. ನಾಲ್ಕರಲ್ಲಿ ಒಂದು ಮ್ಯುಟೇಶನ್ ಎಲ್ಲಿದೆ ನೋಡಿ. ಯೀಸ್ಟಿನ ಗೋಡೆ ಕಟ್ಟೋ ಕಿಣ್ವದಲ್ಲಿ.”

“ಗೋಡೆ ಕಟ್ಟೋ ಗಾರೆಯವನಲ್ಲಿ,” ಎಂದು ನಾನು ಮಾರಿಸೆಲ್‌ಗೆ ಹೇಳಿದೆ. “ಜಾನೆಟ್ಟಿಗೆ ಹಾಕಿದ ಔಷಧಿ, ಆ ಮೈಕಾಫಂಜಿನ್, ಹೋಗಿ ಆ ಗಾರೆಯವನ ಕೈ ಹಿಡಿದುಕೊಳ್ಳುತ್ತೆ. ಗೋಡೆ ಏಳೋದಿಲ್ಲ, ಯೀಸ್ಟ್ ಒಡೆದು ಸಾಯುತ್ತೆ. ಒಂದಕ್ಷರ ಬದಲಾಗಿ ಗಾರೆಯವನ ಕೈ ಸೊಟ್ಟಗೆ ಹುಟ್ಟಿದ್ರೆ, ಔಷಧಿಗೆ ಹಿಡಿತ ಸಿಗೋದಿಲ್ಲ.”

“ಗೊತ್ತು ಆತೆ,” ಅಂದಳು. ಅವರ ಕಡೆ ಅಕ್ಕನನ್ನು ಹಾಗೆ ಕರೆಯುತ್ತಾರೆ. ನಮ್ಮ ವಾರ್ಡುಗಳಲ್ಲಿ ಅರ್ಧ ಜನಕ್ಕೆ ನಾನು ಆತೆ, ಇನ್ನರ್ಧಕ್ಕೆ ಫಿನ್ನಿಶ್ ಅಜ್ಜಿ, ಮುಮ್ಮೊ.

ಲಾಲೋಂಡ್ ನಿಲ್ಲಲಿಲ್ಲ. “ಅಂಥ ಸೊಟ್ಟ ಯೀಸ್ಟ್ ಗೆಲ್ಲೋದು ಯಾವಾಗ? ಔಷಧಿ ಅರೆಬರೆ ಸಿಕ್ಕಾಗ. ಒಂದು ದಿನ ಹಾಕಿ, ಒಂದು ದಿನ ಬಿಟ್ಟಾಗ.” ಜೇಬಿನಿಂದ ಫೋನು ತೆಗೆದು ಒಂದು ಚಿತ್ರ ತೋರಿಸಿದರು. ವಾರ್ಡಿನ ಫ್ರಿಜ್ಜು, ಒಳಗೆ ಜಾನೆಟ್ಟಿಯ ಹೆಸರು ಹಚ್ಚಿದ ಎರಡು ಔಷಧಿ ಚೀಲ, ಒಡೆಯದೆ ಉಳಿದದ್ದು. “ಎರಡು ದಿನದ ಔಷಧಿ ರೋಗಿಗೆ ಹೋಗಿಲ್ಲ ಮಾರಿಸೆಲ್. ಎಲ್ಲಾದ್ರೂ ಮರೆತಿರಾ?”

ಮಾರಿಸೆಲ್ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಕಿರುಗುಟ್ಟಿತು.

“ಡಾಕ್ಟರ್, ನನ್ನ ಕೈ ಕೊಳಕು ಅಂದ್ರಿ. ಸುಮ್ಮನಿದ್ದೆ. ಕೈಯನ್ನ ಒರೆಸಿ ನೋಡಬಹುದು, ಸತ್ಯ ಗೊತ್ತಾಗುತ್ತೆ ಅಂತ. ಈಗ ಮರೆತೆ ಅಂತೀರಿ. ಹದಿನೈದು ವರ್ಷದಲ್ಲಿ ಒಂದು ಡೋಸು ಮರೆತಿಲ್ಲ. ಚಂಡಮಾರುತಕ್ಕೆ ಕರೆಂಟು ಹೋದಾಗ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಹಾಕಿದ್ದೀನಿ. ಐದನೇ ದಿನ ನೀವೇ ಡೋಸು ಏರಿಸಿದ್ರಿ. ಹೊಸ ಚೀಲ ಬಂತು, ಹಳೇದು ಉಳೀತು. ಎರಡೂ ದಿನದ ನನ್ನ ಸಹಿ ಔಷಧಿ ಹಾಳೆಯಲ್ಲಿದೆ.”

“ಸಹಿ ಯಾರು ಬೇಕಾದ್ರೂ ಹಾಕಬಹುದು.”

“ನನ್ನ ಸಹಿ ನಾನು ಹಾಗೆ ಹಾಕೋದಿಲ್ಲ.”

ಕಿಟಕಿಯಾಚೆ ಮಾರ್ಚ್ ತಿಂಗಳ ಕೊಳೆ ಹಿಮ, ದೂರದಲ್ಲಿ ನಿಕಲ್ ಕುಲುಮೆಯ ದೊಡ್ಡ ಚಿಮಣಿ. ಗಡಿಯಾರದಲ್ಲಿ ಎರಡು ಮೂವತ್ತೈದು. ಲಾಲೋಂಡ್ ಪೆನ್ನು ತೆಗೆದುಕೊಂಡರು.

ನಾನು ಬಗ್ಗಿ ಟ್ರೇ ಮೇಲಕ್ಕೆತ್ತಿದೆ. ಮೊಣಕಾಲು ನೋವಾಯಿತು, ಅದಕ್ಕಿಂತ ಇನ್ನೊಂದು ಕಡೆ ಹೆಚ್ಚು.

“ಡಾರ್ಲೀನ್‌ನ ಕರೀರಿ,” ಅಂದೆ.

ಡಾರ್ಲೀನ್ ಪೆಲ್ಟಿಯೆ ನಮ್ಮ ಯೀಸ್ಟ್ ಬೆಂಚಿನ ಟೆಕ್ನಾಲಜಿಸ್ಟ್. ಮ್ಯಾನಿಟೂಲಿನ್ ದ್ವೀಪದ ಒಜಿಬ್ವೆ ಮೂಲನಿವಾಸಿ ಹೆಣ್ಣುಮಗಳು, ಮೂವತ್ತು ದಾಟಿದೆ. ಬಿಡುವಿನಲ್ಲಿ ಚರ್ಮದ ಮೇಲೆ ಮಣಿ ಹೊಲಿಯುತ್ತಾಳೆ. ಅವಳು ಮಾಡಿದ ಕಿವಿಯೋಲೆ ಹಾಕಿಕೊಳ್ಳದ ಹೆಂಗಸು ನಮ್ಮ ಮಹಡಿಯಲ್ಲಿಲ್ಲ. ಬಂದವಳೇ ಟ್ರೇ ನೋಡಿ, ನನ್ನ ಮುಖ ನೋಡಿದಳು.

“ಮುಮ್ಮೊ, ಬೇಡ,” ಅಂದಳು ಮೆಲ್ಲಗೆ.

“ಬೇಕು. ನೀನೇ ಹೇಳು. ಮಾರ್ಚ್ ಮೂರನೇ ತಾರೀಕು ಜಾನೆಟ್ಟಿಯ ರಕ್ತದ ತಟ್ಟೆಯಲ್ಲಿ ಏನು ನೋಡ್ದೆ?”

“ಯೀಸ್ಟ್ ಬೆಳೆದಿತ್ತು. ನೇರಳೆ ಚುಕ್ಕೆ.”

“ಎಲ್ಲಾ ಒಂದೇ ಅಳತೆ ಇತ್ತಾ?”

ಡಾರ್ಲೀನ್ ನೆಲ ನೋಡಿದಳು. “ಇರಲಿಲ್ಲ. ದೊಡ್ಡ ಚುಕ್ಕೆ ಸಾಸಿವೆ ಕಾಳಷ್ಟು. ನಡುನಡುವೆ ಗಸಗಸೆಯಷ್ಟು ಸಣ್ಣವು. ಎರಡು ಅಳತೆ ಮಣಿ ಒಂದೇ ಡಬ್ಬಿಗೆ ಬಿದ್ದ ಹಾಗೆ. ನನ್ನ ಕಣ್ಣಿಗೆ ಅದು ಚುಚ್ಚುತ್ತೆ.”

“ನೀನು ಏನು ಕೇಳ್ದೆ?”

“ಸಣ್ಣದನ್ನೂ ಎತ್ತಿ ಪರೀಕ್ಷೆಗೆ ಹಾಕಲಾ ಅಂತ ನಿಮ್ಮನ್ನ ಕೇಳ್ದೆ.”

“ನಾನೇನಂದೆ?”

ಅವಳ ಬದಲು ನಾನೇ ಹೇಳಿದೆ.

“ದುಂಡಗೆ ಚೆನ್ನಾಗಿರೋದನ್ನ ಒಂದು ಎತ್ಕೋ, ಆ ಪೀಚು ಬಿಟ್ಟುಬಿಡು ಅಂದೆ. ಮೂವತ್ತು ವರ್ಷದಿಂದ ಬಂದವರಿಗೆಲ್ಲ ಅದನ್ನೇ ಹೇಳಿಕೊಟ್ಟಿದ್ದೀನಿ ಡಾಕ್ಟ್ರೇ. ತಟ್ಟೆಯಲ್ಲಿ ನೂರು ಚುಕ್ಕೆ ಇದ್ರೂ ಒಂದೇ ಎತ್ತಬೇಕು, ದಪ್ಪಗೆ, ಒಂಟಿಯಾಗಿ, ಚೊಕ್ಕವಾಗಿರೋದು. ಈ ದೇಶದ ಎಲ್ಲಾ ಪ್ರಯೋಗಾಲಯದಲ್ಲೂ ಹೀಗೇ ಮಾಡ್ತಾರೆ. ಚುಕ್ಕೆ ಸಣ್ಣದಾದ್ರೆ ಅಗರ್ ಒಣಗಿದೆ, ಜಾಗ ಸಾಲದು ಅಂದುಕೊಳ್ತೀವಿ. ನಾನು ಇನ್ನೊಂದು ಅಂದುಕೊಂಡೆ. ನನ್ನ ಹೊಸ ಅಗರ್ ಮೇಲೆ ಅಂಥ ಪೀಚು ಬೆಳೆದದ್ದು ನನಗೆ ಅವಮಾನ ಅಂತ.”

ಲಾಲೋಂಡ್ ಪೆನ್ನು ಕೆಳಗಿಟ್ಟರು. “ಆ ತಟ್ಟೆ ಈಗ ಎಲ್ಲಿದೆ? ಏಳು ದಿನಕ್ಕೆ ಬೇಯಿಸಿ ಎಸೀಬೇಕು ಅಂತ ನಿಯಮ ಇದೆಯಲ್ಲ.”

“ಇದೆ. ಆದ್ರೆ ಹೊಸದಾಗಿ ಹುಯ್ದ ಪ್ರತಿ ಅಗರಿಂದ ಒಂದು ತಟ್ಟೆ ತಣ್ಣನೆ ಕೋಣೆಯಲ್ಲಿ ಒಂದು ತಿಂಗಳು ಇಟ್ಕೊಳ್ತೀನಿ. ಬಣ್ಣ ಎಷ್ಟು ದಿನ ನಿಲ್ಲುತ್ತೆ ನೋಡೋಕೆ. ನನ್ನ ಕೈ ಅಡುಗೆ, ನನಗೆ ಗೊತ್ತಿರಬೇಕು. ಬೀಗ ಇದೆ, ಚೀಟಿ ಇದೆ, ನೀವೇ ಎರಡು ವರ್ಷದ ಹಿಂದೆ ಅನುಮತಿ ಕೊಟ್ಟಿದ್ದೀರಿ. ಮೂರನೇ ತಾರೀಕು ಇಟ್ಟದ್ದು ಜಾನೆಟ್ಟಿಯ ತಟ್ಟೆ.”

ಟವೆಲ್ ತೆಗೆದೆ.

ಎರಡು ದಿನದ ಹಿಂದೆ ಮಾಡಿದ ಕೆಲಸ ಅದು. ಬೇಯಿಸಿ ಶುದ್ಧ ಮಾಡಿದ ಮಖಮಲ್ಲಿನ ಚೌಕವನ್ನು ದಿಮ್ಮಿಯ ಮೇಲೆ ಬಿಗಿದು, ಹಳೆಯ ತಟ್ಟೆಯನ್ನು ಅದರ ಮೇಲೆ ಬೋರಲು ಒತ್ತಿದೆ. ಮಖಮಲ್ಲಿನ ನವಿರಿಗೆ ಪ್ರತಿ ಚುಕ್ಕೆಯಿಂದ ಸ್ವಲ್ಪ ಸ್ವಲ್ಪ ಯೀಸ್ಟ್ ಅಂಟುತ್ತದೆ, ಮುದ್ರೆಗೆ ಶಾಯಿ ಅಂಟಿದ ಹಾಗೆ. ಆ ಮುದ್ರೆಯನ್ನು ಎರಡು ಹೊಸ ತಟ್ಟೆಗೆ ಒತ್ತಿದೆ. ಒಂದರಲ್ಲಿ ಬರೀ ಅಗರ್. ಇನ್ನೊಂದರ ಅಗರಿನಲ್ಲಿ ಮೈಕಾಫಂಜಿನ್. ಈ ಸಭೆಯ ದಿನ ಬೆಳಿಗ್ಗೆ ಏಳಕ್ಕೆ ಕಾವುಪೆಟ್ಟಿಗೆ ತೆರೆದು ನೋಡಿ, ಸ್ಟೂಲಿನ ಮೇಲೆ ಕೂತುಬಿಟ್ಟಿದ್ದೆ. ಅರ್ಧ ಗಂಟೆ ಏಳಲಿಲ್ಲ.

“ಎಡಗಡೆಯದು ಔಷಧಿ ಇಲ್ಲದ್ದು,” ಅಂದೆ. “ನೂರಾ ಎಂಟು ಚುಕ್ಕೆ. ದೊಡ್ಡವು, ಸಣ್ಣವು, ಎಲ್ಲಾ ಬಂದಿವೆ. ಬಲಗಡೆಯದು ಔಷಧಿ ಇರೋದು. ಎಣಿಸಿ.”

ಲಾಲೋಂಡ್ ತಟ್ಟೆಯನ್ನು ಬೆಳಕಿಗೆ ಹಿಡಿದರು. ಅವರು ಎಣಿಸುವಾಗ ತುಟಿ ಫ್ರೆಂಚಿನಲ್ಲಿ ಆಡುತ್ತಿತ್ತು.

“ಹತ್ತೊಂಬತ್ತು.”

“ಈಗ ಎಡಗಡೆ ತಟ್ಟೆಯಲ್ಲಿ ಸಣ್ಣವು ಎಲ್ಲೆಲ್ಲಿವೆ ನೋಡಿ. ಒಂದರ ಮೇಲೊಂದು ಹಿಡೀರಿ.”

ಹಿಡಿದರು. ಹತ್ತೊಂಬತ್ತೂ ಅದೇ ಜಾಗ. ದೊಡ್ಡದು ಒಂದೂ ಬದುಕಿರಲಿಲ್ಲ, ಸಣ್ಣದು ಒಂದೂ ಸತ್ತಿರಲಿಲ್ಲ.

“ಸೊಟ್ಟ ಕೈಯ ಗಾರೆಯವನು ನಿಧಾನ,” ಅಂದೆ. “ಅವನ ಮನೆ ಸಣ್ಣದೇ. ಔಷಧಿಯಿಂದ ತಪ್ಪಿಸಿಕೊಳ್ಳೋಕೆ ಅವನು ತೆರೋ ಬೆಲೆ ಅದು. ಅದಕ್ಕೇ ನಾವು ಅವನನ್ನ ಪೀಚು ಅಂತ ಬಿಟ್ವಿ. ನಾವು ಎತ್ತಿದ್ದು ಸಾಯೋ ಯೀಸ್ಟ್. ಪರೀಕ್ಷೆಗೆ ಹಾಕಿದ್ದು ಸಾಯೋ ಯೀಸ್ಟ್. ‘ಔಷಧಿ ನಾಟುತ್ತೆ’ ಅಂತ ವಾರ್ಡಿಗೆ ಬರೆದು ಕಳಿಸಿದ್ವಿ. ಈ ತಟ್ಟೆಯ ರಕ್ತ ತೆಗೆದದ್ದು ಮೊದಲ ದಿನ ಬೆಳಿಗ್ಗೆ. ಮಾರಿಸೆಲ್ ಮೊದಲ ಚೀಲ ತೂಗುಹಾಕಿದ್ದು ಅವತ್ತು ಸಂಜೆ ಆರಕ್ಕೆ. ಅವಳು ಮೊದಲ ಹನಿ ಬಿಡೋ ಮುಂಚೆನೇ ಜಗ್ಗದ ಯೀಸ್ಟ್ ಅಲ್ಲಿ ಕೂತಿತ್ತು. ಡೋಸು ಮರೆತಿದ್ರೂ ಅಷ್ಟೇ, ಮರೀದಿದ್ರೂ ಅಷ್ಟೇ.”

“ಮರೀಲಿಲ್ಲ,” ಅಂದಳು ಮಾರಿಸೆಲ್.

“ಮರೀಲಿಲ್ಲ,” ಅಂದೆ. “ತಪ್ಪು ನನ್ನದು. ಬರ್ಕೊಳ್ಳಿ ಡಾಕ್ಟ್ರೇ. ಡಾರ್ಲೀನ್ ಹೆಸರು ಬೇಡ, ಅವಳು ಕೇಳಿದ್ಳು. ಹೆಲ್ವಿ ಸಾಲೊ, ಅಡುಗೆಮನೆ.”

ಲಾಲೋಂಡ್ ತಟ್ಟೆಗಳನ್ನು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದ ಮಾತು ನಾನು ನಿರೀಕ್ಷಿಸಿರಲಿಲ್ಲ.

“ಇನ್ಮೇಲೆ ಎಷ್ಟು ಚುಕ್ಕೆ ಎತ್ತಬೇಕು?”

“ಕಡಿಮೆ ಅಂದ್ರೆ ಹತ್ತು. ದೊಡ್ಡದು ಸಣ್ಣದು ಎರಡೂ.”

“ಡಾರ್ಲೀನ್, ಇವತ್ತೇ ನಿಯಮ ಬರೀರಿ. ನಾನು ಸಹಿ ಹಾಕ್ತೀನಿ.” ಮೇಜಿನ ಮೇಲಿದ್ದ ಅಮಾನತಿನ ಹಾಳೆಯನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಳ್ಳಲು ಹೋದರು.

“ಡಾಕ್ಟರ್,” ಅಂದಳು ಮಾರಿಸೆಲ್. “ಜೇಬಿಗೆ ಬೇಡ. ಹರೀರಿ. ಇಲ್ಲೇ.”

ಅವರು ಅವಳನ್ನೂ ನೋಡಿದರು, ನನ್ನನ್ನೂ ನೋಡಿದರು. ಹರಿದರು. ನಾಲ್ಕು ಚೂರು. ಡಾರ್ಲೀನ್ ಆ ಚೂರುಗಳನ್ನು ಹೆಕ್ಕಿ ಕಸದ ಬುಟ್ಟಿಗೆ ಹಾಕುವಾಗ, “ಎಂಟು ಚೂರು ಮಾಡಿದ್ರೆ ಮಣಿ ಸುತ್ತೋಕೆ ಬರ್ತಿತ್ತು,” ಅಂದಳು. ನಾವೆಲ್ಲ ನಕ್ಕೆವು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ.

ನಗದವಳು ಮಾರಿಸೆಲ್ ಒಬ್ಬಳೇ. ಅವಳು ಬಲಗಡೆಯ ತಟ್ಟೆಯನ್ನೇ ನೋಡುತ್ತಿದ್ದಳು.

“ಆತೆ, ಒಂದು ಮಾತು. ಸೊಟ್ಟ ಕೈಯವನು ನಿಧಾನ ಅಂದ್ರಿ. ನೆಟ್ಟನೆ ಕೈಯವರ ಜೊತೆ ಓಟದಲ್ಲಿ ಅವನು ಸೋಲಬೇಕು ತಾನೇ?”

“ಹೌದು.”

“ಮತ್ತೆ ಔಷಧಿ ಹಾಕೋ ಮೊದಲೇ ನೂರರಲ್ಲಿ ಹದಿನೇಳು ಹದಿನೆಂಟು ಅವನೇ ಹೇಗಿದ್ದ?”

ನನ್ನ ನಗು ಬಾಯಲ್ಲೇ ಉಳಿಯಿತು. ಬೆಳಗಿನಿಂದ ನನ್ನ ತಪ್ಪಿನ ಯೋಚನೆಯಲ್ಲೇ ಇದ್ದೆ, ಇದು ಹೊಳೆದಿರಲಿಲ್ಲ.

ಔಷಧಿ ಯಾವ ಯೀಸ್ಟನ್ನೂ ಸೊಟ್ಟ ಮಾಡುವುದಿಲ್ಲ. ಕೋಟಿ ಕೋಟಿ ಹುಟ್ಟುವಾಗ ಎಲ್ಲೋ ಒಂದು ತಾನಾಗಿ ಸೊಟ್ಟ ಹುಟ್ಟುತ್ತದೆ. ಸಾಮಾನ್ಯ ದಿನಗಳಲ್ಲಿ ಅದು ಗುಂಪಿನಲ್ಲಿ ಹಿಂದೆ ಬಿದ್ದು ಅಲ್ಲೇ ಅಳಿಯುತ್ತದೆ, ತಟ್ಟೆಯಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಔಷಧಿ ಬಂದು ನೆಟ್ಟಗಿರುವುದನ್ನೆಲ್ಲ ಕೊಂದಾಗ ಮಾತ್ರ ಅದಕ್ಕೆ ಜಾಗ, ಅನ್ನ, ಸಂಸಾರ. ನೂರಾ ಎಂಟರಲ್ಲಿ ಹತ್ತೊಂಬತ್ತು ಎಂದರೆ ಅದಕ್ಕೆ ಒಳ್ಳೆಯ ಕಾಲ ಒಮ್ಮೆ ಬಂದು ಹೋಗಿತ್ತು.

“ಈ ಮನುಷ್ಯನಿಗೆ ಮೈಕಾಫಂಜಿನ್ ಮೊದಲೇ ಯಾರೋ ಹಾಕಿದ್ದಾರೆ,” ಅಂದೆ. “ನಮ್ಮಲ್ಲಿಗೆ ಬರೋ ಮುಂಚೆ. ಒಂದೆರಡು ದಿನ ಅಲ್ಲ, ವಾರಗಟ್ಟಲೆ.”

ಲಾಲೋಂಡ್ ತಲೆಯಾಡಿಸಿದರು. “ಸಾಧ್ಯ ಇಲ್ಲ. ಹೆಲ್ತ್ ಕಾರ್ಡ್ ಹಾಕಿ ಇಡೀ ಪ್ರಾಂತದ ದಾಖಲೆ ನಾನೇ ತೆಗೆಸಿದ್ದೀನಿ. ಅತ್ತಿಲಿಯೊ ಜಾನೆಟ್ಟಿ, ಎಪ್ಪತ್ತೊಂದು ವರ್ಷ, ಗಣಿಯಿಂದ ನಿವೃತ್ತ. ಒಂಬತ್ತು ವರ್ಷದಿಂದ ಯಾವ ಆಸ್ಪತ್ರೆ ಮೆಟ್ಟಿಲೂ ಹತ್ತಿಲ್ಲ. ಈ ಸಲದ ಕರುಳಿನ ಆಪರೇಷನ್ನೇ ಮೊದಲು.”

“ಅವರ ಎಡತೋಳಿನ ಒಳಗಡೆ ಒಂದು ಗುರುತಿದೆ,” ಅಂದಳು ಮಾರಿಸೆಲ್.

“ಎಂಥ ಗುರುತು?”

“ಉದ್ದನೆಯ ನಳಿಗೆ ಹಾಕಿ ತೆಗೆದ ಗುರುತು. ವಾರಗಟ್ಟಲೆ ಔಷಧಿ ಕೊಡಬೇಕಾದ್ರೆ ತೋಳಿನಿಂದ ಎದೆವರೆಗೂ ಹಾಕ್ತಾರಲ್ಲ, ಅದು. ಪಕ್ಕದಲ್ಲಿ ಎರಡು ಹೊಲಿಗೆ ಚುಕ್ಕೆ. ವರ್ಷ ಆಗಿರಲಾರದು, ಇನ್ನೂ ಗುಲಾಬಿ ಬಣ್ಣ. ರೋಗಿ ವಾರ್ಡಿಗೆ ಬಂದ ದಿನವೇ ನನ್ನ ಹಾಳೆಯಲ್ಲಿ ಮೈಚಿತ್ರ ಬರೆದು ಗುರುತು ಹಾಕಿದ್ದೀನಿ. ಏನಿದು ಅಂದ್ರೆ ಗಣಿಯಲ್ಲಿ ಕಲ್ಲು ಬಿದ್ದದ್ದು ಅಂದ್ರು. ಅದನ್ನೂ ಬರೆದಿದ್ದೀನಿ.”

“ನನಗ್ಯಾಕೆ ಹೇಳಲಿಲ್ಲ?”

“ನರ್ಸ್‌ಗಳ ಹಾಳೆ ಡಾಕ್ಟರ್‌ಗಳು ಓದ್ತಾರೆ ಅಂದುಕೊಂಡಿದ್ದೆ.” ಅವಳ ದನಿಯಲ್ಲಿ ಕಹಿ ಇರಲಿಲ್ಲ. ಇದ್ದದ್ದು ತನ್ನ ಕೆಲಸ ತಾನು ಮಾಡಿದವಳ ನೆಮ್ಮದಿ.

ಲಾಲೋಂಡ್ ಕೆಂಪಾದರು. ಎದ್ದು ಬಾಗಿಲು ತೆರೆದು ಅವಳಿಗೆ ದಾರಿ ಬಿಟ್ಟರು. “ನೀವು ಮುಂದೆ ನಡೀರಿ ಸಿಸ್ಟರ್.”

ನಾಲ್ಕನೇ ಹಾಸಿಗೆಗೆ ಹೋಗುವವರೆಲ್ಲ ಹಳದಿ ನಿಲುವಂಗಿ, ಕೈಗವಸು ಹಾಕಿಕೊಳ್ಳಬೇಕು. ಲಾಲೋಂಡ್, ಮಾರಿಸೆಲ್, ನಾನು ಮೂವರೂ ಹಾಕಿಕೊಂಡು ಒಳಗೆ ಹೋದೆವು. ಹೊಸ ಔಷಧಿ ಹಿಡಿದಿತ್ತು. ಜ್ವರ ಇಳಿದು ಎರಡು ದಿನ. ಮುದುಕ ದಿಂಬಿಗೆ ಒರಗಿ ಕೂತು ಜೆಲ್ಲಿಯನ್ನು ಚಮಚದಲ್ಲಿ ಹೊಡೆಯುತ್ತಿದ್ದ.

“ಬನ್ನಿ ಬನ್ನಿ, ಮೂರು ಬಾತುಕೋಳಿ! ಡಾಕ್ಟ್ರೇ, ಇದನ್ನ ತಿಂಡಿ ಅಂತ ಕರೆಯೋರನ್ನ ಜೈಲಿಗೆ ಹಾಕಿ. ಸೋಂಪು ಹಾಕಿ ಸುಟ್ಟ ಹಂದಿಮಾಂಸ, ಒಂದು ತುಂಡು ಪೋರ್ಕೆಟ್ಟಾ, ಒಂದು ಬ್ರೆಡ್ಡು. ಕೇಳ್ತಿರೋದು ಅಷ್ಟೇ.”

“ಕೊಡಿಸ್ತೀನಿ,” ಎಂದು ನಾನು ಹಾಸಿಗೆ ಪಕ್ಕದ ಕುರ್ಚಿಯಲ್ಲಿ ಕೂತೆ. “ಮೊದಲು ಎಡತೋಳು ತೋರಿಸಿ.”

“ಯಾಕೆ, ನನ್ನ ಮದುವೆ ಆಗ್ತೀಯಾ?”

“ತೋಳು ನೋಡಿ ಹೇಳ್ತೀನಿ.”

ಮುದುಕ ನಕ್ಕ. ತೋಳು ತೋರಿಸಲಿಲ್ಲ. ಮಾರಿಸೆಲ್ ಆತನ ಅಂಗಿಯ ತೋಳನ್ನು ಮೆಲ್ಲನೆ ಮೇಲೆ ಸರಿಸಿದಳು. ಗುಲಾಬಿ ಬಣ್ಣದ ಸಣ್ಣ ಕಲೆ, ಅದರ ಎರಡೂ ಬದಿಗೆ ಒಂದೊಂದು ಚುಕ್ಕೆ.

“ಗಣಿ ಕಲ್ಲು,” ಅಂದ.

“ಗಣಿ ಕಲ್ಲು ಎರಡು ಹೊಲಿಗೆ ಹಾಕಿ ಹೋಗೋದಿಲ್ಲ ಮಿಸ್ಟರ್ ಜಾನೆಟ್ಟಿ,” ಅಂದಳು. “ನೀವು ಸುಳ್ಳು ಹೇಳಿದ್ರಿ. ಆ ಸುಳ್ಳಿಗೆ ಹನ್ನೊಂದು ದಿನ ನಿಮಗೆ ನಾಟದ ಔಷಧಿ ಹಾಕಿದೆ. ನೀವು ಸಾಯ್ತಿದ್ರಿ. ಇವತ್ತು ನನ್ನ ಕೆಲಸ ಹೋಗ್ತಿತ್ತು.”

ಚಮಚ ನಿಂತಿತು. “ನಿನ್ನ ಕೆಲಸ ಯಾಕಮ್ಮಾ?”

“ನನ್ನ ಕೈಯಿಂದ ನಿಮಗೆ ರೋಗ ಬಂತು ಅಂದ್ರು.”

ಆತನ ಮುಖದ ತಮಾಷೆ ಪೂರ್ತಿ ಇಳಿದುಹೋಯಿತು. ಹನ್ನೊಂದು ದಿನ ಜ್ವರದಲ್ಲಿ ನಡುಗುತ್ತಿದ್ದಾಗ ಹಣೆಗೆ ಬಟ್ಟೆ ಹಾಕಿದ್ದು ಇದೇ ಕೈ. ಅದು ಆತನಿಗೆ ಗೊತ್ತಿತ್ತು. ಜೆಲ್ಲಿಯ ಬಟ್ಟಲನ್ನು ಪಕ್ಕಕ್ಕಿಟ್ಟ.

“ಅಕ್ಟೋಬರಲ್ಲಿ,” ಅಂದ. “ಥಂಡರ್ ಬೇ ಆಸ್ಪತ್ರೆಯಲ್ಲಿ. ಆರು ವಾರ ಇದೇ ಔಷಧಿ ಹಾಕಿದ್ರು. ಹೆಸರು ಗೊತ್ತಿಲ್ಲ, ಚೀಲ ಇದೇ ಥರ ಇತ್ತು.”

ಲಾಲೋಂಡ್ ಮುಂದೆ ಬಂದರು. “ಥಂಡರ್ ಬೇ ಇದೇ ಪ್ರಾಂತದಲ್ಲಿದೆ. ದಾಖಲೆಯಲ್ಲಿ ಬರಬೇಕಿತ್ತು. ನಿಮ್ಮ ಕಾರ್ಡಿನಲ್ಲಿ ಏನೂ ಇಲ್ಲ.”

“ಇರೋದಿಲ್ಲ. ಅಲ್ಲಿ ನನ್ನ ಕಾರ್ಡು ಕೊಟ್ಟಿದ್ದೆ.” ಮುದುಕ ಮಾರಿಸೆಲ್‌ಳ ಕೈಗವಸಿನ ಬೆರಳು ಹಿಡಿದುಕೊಂಡ. “ಇಲ್ಲಿ ಕೊಟ್ಟದ್ದು ಅಣ್ಣನ ಕಾರ್ಡು. ಈ ಊರಲ್ಲಿ ನನ್ನ ಹೆಸರು ಹೇಳೋ ಹಾಗಿಲ್ಲ. ಫೋಟೋದಲ್ಲಿ ನಮ್ಮಿಬ್ಬರದೂ ಒಂದೇ ಮೂಗು. ಅತ್ತಿಲಿಯೊ ನಾನಲ್ಲ ಮಗಳೇ.”

ನಾನು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಕೇಳಿದೆ.

“ನಿಮ್ಮ ಅಣ್ಣ ಈಗ ಎಲ್ಲಿದ್ದಾರೆ?”

ಆತ ಕಿಟಕಿಯ ಕಡೆ ತಿರುಗಿದ. ಚಿಮಣಿಯ ಆಚೆ, ಮುಚ್ಚಿಹೋದ ಹಳೇ ಗಣಿಯ ಗುಡ್ಡದ ಕಡೆ.

“ಅಣ್ಣ ಆ ಗಣಿಯೊಳಗೇ ಉಳಿದು ಒಂಬತ್ತು ವರ್ಷ ಆಯ್ತು,” ಅಂದ. “ನೀನೇ ಮೊದಲು ಕೇಳಿದ್ದು.”

ಮೂರು ಗಂಟೆ ಆಗಿತ್ತು. ಮಾರಿಸೆಲ್‌ಳ ಕೆಲಸ ಉಳಿದಿತ್ತು. ನಾಲ್ಕನೇ ಹಾಸಿಗೆಯ ರೋಗಿ ಯಾರು ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.